ಅನ್ನವೂ ಆಶ್ರಯವೂ: ಮೂರು ಆತ್ಮಕಥನಗಳಲ್ಲಿ ವಿದ್ಯಾರ್ಥಿಜೀವನ

ನಗರದ ವಿಶ್ವವಿದ್ಯಾನಿಲಯಗಳಲ್ಲಿ ಓದಿ ಹೆಸರು ಪಡೆದವರ ಆತ್ಮಕಥನಗಳು ಕನ್ನಡದಲ್ಲಿ ಈಗ ಸಾಕಷ್ಟಿವೆ. ಅವುಗಳನ್ನು ಓದುವ ನಮ್ಮ ರೀತಿ ಮಾತ್ರ ಬಹುಮಟ್ಟಿಗೆ ಒಂದೇ. ಹಳ್ಳಿಯ ಹುಡುಗನೊಬ್ಬನು ಪಟ್ಟಣವನ್ನು ಸೇರಿದನು, ಕಷ್ಟಪಟ್ಟನು, ಪರೀಕ್ಷೆಯಲ್ಲಿ ಮೇಲಾದನು, ಕೀರ್ತಿವಂತನಾದನು ಎಂಬ ನಾಲ್ಕು ಮಾತುಗಳಲ್ಲಿ ಗ್ರಂಥದ ತಾತ್ಪರ್ಯವನ್ನು ಸಂಗ್ರಹಿಸಿ, ಅದನ್ನೇ ಮನೆಯ ಮಕ್ಕಳಿಗೆ ಉಪದೇಶಿಸಿ, ಗ್ರಂಥವನ್ನು ಕಪಾಟಿನಲ್ಲಿಡುತ್ತೇವೆ. ಇಂತಹ ಓದಿನಿಂದ ಗ್ರಂಥಕ್ಕೂ ಅನ್ಯಾಯ, ಮಕ್ಕಳಿಗೂ ಅನ್ಯಾಯ. ಈ ಗ್ರಂಥಗಳ ನಿಜವಾದ ತೂಕವಿರುವುದು ತರಗತಿಯ ಒಳಗಿನ ಪ್ರಸಂಗಗಳಲ್ಲಲ್ಲ. ಪಾಠ ಮುಗಿದ ಮೇಲೆ ವಿದ್ಯಾರ್ಥಿಯು ಎಲ್ಲಿಗೆ ಹೋಗುತ್ತಾನೆ, ಯಾರ ಮನೆಯಲ್ಲಿ ಉಣ್ಣುತ್ತಾನೆ, ಯಾವ ಸೂರಿನಡಿ ಮಲಗುತ್ತಾನೆ ಎಂಬುದನ್ನು ಹೇಳುವ ಪುಟಗಳಲ್ಲಿ. ಕುವೆಂಪುರವರ ‘ನೆನಪಿನ ದೋಣಿಯಲ್ಲಿ’, ಎಸ್. ಎಲ್. ಭೈರಪ್ಪನವರ ‘ಭಿತ್ತಿ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಎಂಬ ಮೂರು ಗ್ರಂಥಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಪರಿಶೀಲನೆಗೆ ಒಂದು ಅಳತೆಗೋಲು ಬೇಕಷ್ಟೆ. ಬ್ರಾಹ್ಮಣನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆಂದು ತೈತ್ತಿರೀಯ ಸಂಹಿತೆಯು ಹೇಳುವುದು ಸರ್ವವಿದಿತ. ದೇವಋಣ, ಋಷಿಋಣ, ಪಿತೃಋಣ ಎಂಬಿವನ್ನು ನಮ್ಮ ಮನೆಗಳ ಚಿಕ್ಕವರೂ ಬಲ್ಲರು. ಆದರೆ ಶತಪಥಬ್ರಾಹ್ಮಣವು ನಾಲ್ಕನೆಯದೊಂದನ್ನು ಸೇರಿಸುತ್ತದೆ. ಅದೇ ಮನುಷ್ಯಋಣ. ಜನರಿಗೆ ಇರಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಡುವುದರಿಂದ ಈ ಋಣವು ತೀರುವುದೆಂದು ಅಲ್ಲಿಯ ವಿವರಣೆ. ವಿದ್ಯೆಯಿಂದ ತೀರುವುದು ಋಷಿಋಣ. ಅನ್ನದಿಂದಲೂ ಆಶ್ರಯದಿಂದಲೂ ತೀರುವುದು ಮನುಷ್ಯಋಣ. ವಿದ್ಯಾರ್ಥಿಯ ಬಾಳಿನಲ್ಲಿ ಈ ಎರಡೂ ಒಂದನ್ನೊಂದು ಬಿಟ್ಟಿರಲಾರವು. ವಿಶ್ವವಿದ್ಯಾನಿಲಯವು ಮೊದಲನೆಯದನ್ನು ಪದವಿಪತ್ರದಲ್ಲಿ ಬರೆದು ಕೊಡುತ್ತದೆ. ಎರಡನೆಯದನ್ನು ಬರೆದಿಡುವವನು ವಿದ್ಯಾರ್ಥಿಯೇ. ಅವನು ಅದನ್ನು ಹೇಗೆ ಬರೆದನೆಂಬುದೇ ನಮ್ಮ ಅಳತೆಗೋಲು.

ಈ ವಿಚಾರವು ನಮ್ಮ ಸೀಮೆಯವರಿಗೆ ದೂರದ್ದಲ್ಲ. 1956ರವರೆಗೆ ದಕ್ಷಿಣ ಕನ್ನಡವು ಮದರಾಸಿನ ಆಡಳಿತಕ್ಕೆ ಸೇರಿದ್ದುದರಿಂದ, 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯವೇ ನಮಗೆ ವಿಶ್ವವಿದ್ಯಾನಿಲಯವಾಗಿತ್ತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯವು ಘಟ್ಟದ ಮೇಲಿನ ಬೇರೊಂದು ಸಂಸ್ಥಾನದ್ದು. 1968ರಲ್ಲಿ ಮೈಸೂರಿನವರ ಸ್ನಾತಕೋತ್ತರ ಕೇಂದ್ರವು ಮಂಗಳೂರಿಗೆ ಬಂದು, 1980ರಲ್ಲಿ ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾದ ಮೇಲೆಯೇ ಉನ್ನತ ವಿದ್ಯೆ ನಮ್ಮ ಬಳಿಗೆ ಬಂದುದು. ಅದಕ್ಕೆ ಮುಂಚೆ ದೂರದ ನಗರವೆಂಬುದು ಇಲ್ಲಿಯ ಮನೆಗಳಿಗೆ ಏನಾಗಿತ್ತೆಂದು ತಿಳಿಯಬೇಕಾದರೆ, ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ನೋಡಬೇಕು. ಬಹಳ ಹಂಬಲದಿಂದ ಪಡೆದ ಮಗನಾದ ಲಚ್ಚನು ಓದಿಗೆಂದು ಮನೆ ಬಿಟ್ಟು ಪೇಟೆಯಲ್ಲಿ ಕೆಡುತ್ತಾನೆ; ಅವನ ಮಗ ರಾಮನು ಮದರಾಸಿನವರೆಗೆ ಹೋಗಿ ಓದಿಯೂ ಕೆಡದೆ, ಕೊನೆಗೆ ತನ್ನ ಮಣ್ಣಿಗೆ ಮರಳುತ್ತಾನೆ. ಪೇಟೆಯೇ ಕೆಡುಕಿನ ಮೂಲವೆಂದು ಕಾರಂತರು ಹೇಳಲಿಲ್ಲ. ಹಾಗೆ ಹೇಳುವುದಿದ್ದರೆ ರಾಮನನ್ನು ಅಷ್ಟು ದೂರ ಕಳುಹಿಸುತ್ತಿರಲಿಲ್ಲ. ಒಬ್ಬನ ಮನಸ್ಸಿನಲ್ಲಿ ಮನೆಯ ನೆನಪು ಹೊಣೆಯಾಗಿ ಉಳಿಯಿತು, ಇನ್ನೊಬ್ಬನಲ್ಲಿ ಉಳಿಯಲಿಲ್ಲ, ಭೇದವಿರುವುದು ಅಲ್ಲಿ. ಕಾದಂಬರಿಯು ಕಲ್ಪಿಸಿ ತೋರಿಸಿದುದನ್ನು ಆತ್ಮಕಥನಗಳು ಅನುಭವದಿಂದ ಹೇಳುತ್ತವೆ.

ಮೊದಲು ಕುವೆಂಪುರವರ ಗ್ರಂಥ. 1980ರಲ್ಲಿ ಪ್ರಕಟವಾದ ಈ ಹೆಬ್ಬೊತ್ತಗೆಯಲ್ಲಿ ಮಲೆನಾಡಿನ ಹುಡುಗನು ಮೈಸೂರಿಗೆ ಬಂದು ಪ್ರೌಢಶಾಲೆಯಲ್ಲಿಯೂ ಅನಂತರ ಮಹಾರಾಜಾ ಕಾಲೇಜಿನಲ್ಲಿಯೂ ಓದಿದ ಕಥೆಯಿದೆ. ಊರಿನಲ್ಲಿ ಅನ್ನಕ್ಕೆ ಕೊರತೆಯಿಲ್ಲದ ಮನೆತನದವನಾದರೂ ನಗರದಲ್ಲಿ ಆತನು ಒಂಟಿ, ಕಾಯಿಲೆಯೂ ಕಾಡಿತು. ಆಗ ಕೈಹಿಡಿದವರು ಶ್ರೀರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು. ಆಶ್ರಮದ ವಾಸವು ಆತನ ದೇಹವನ್ನು ಕಾಪಾಡಿದುದಷ್ಟೇ ಅಲ್ಲ, ಕವಿಯ ಬುದ್ಧಿಗೆ ಒಂದು ನೆಲೆಯನ್ನೂ ಕೊಟ್ಟಿತು. ಗ್ರಂಥಕರ್ತರು ಅಂದಂದಿನ ದಿನಚರಿಗಳನ್ನು ಆಧರಿಸಿ ಬರೆದಿರುವುದರಿಂದ, ವೃದ್ಧಾಪ್ಯದ ಸ್ಮರಣೆಗೆ ಸಹಜವಾದ ಬಣ್ಣಗಾರಿಕೆಯು ಇಲ್ಲಿ ಕಡಮೆ. ಆದರೆ ಒಂದು ಮಿತಿಯನ್ನು ಹೇಳಲೇಬೇಕು. ಇಲ್ಲಿಯ ವಿದ್ಯಾರ್ಥಿಯು ಬಹುಬೇಗ ಕವಿಯಾಗಿಬಿಡುತ್ತಾನೆ. ಕುಕ್ಕರಹಳ್ಳಿಯ ಕೆರೆಯೂ ಸೂರ್ಯಾಸ್ತವೂ ಕಣ್ಣನ್ನು ತುಂಬಿದಾಗ, ಪಕ್ಕದ ಕೋಣೆಯ ಹುಡುಗನು ಏನು ಉಂಡನೆಂಬುದು ಮರೆಯಾಗುತ್ತದೆ. ಋಣದ ಅರಿವು ಈ ಗ್ರಂಥದಲ್ಲಿ ಅಪಾರ; ಆದರೆ ಅದು ಗುರುವಿನ ಕಡೆಗೆ, ಊರ್ಧ್ವಮುಖವಾಗಿ ಹರಿಯುವ ಋಣ. ಸಹಪಾಠಿಗಳ ಕಡೆಗೆ ಹರಿಯುವುದು ಸ್ವಲ್ಪವೇ.

‘ಭಿತ್ತಿ’ಯು 1996ರಲ್ಲಿ ಬಂದುದು. 2025ರ ಸೆಪ್ಟೆಂಬರಿನಲ್ಲಿ ದಿವಂಗತರಾದ ಭೈರಪ್ಪನವರು ಇದರಲ್ಲಿ ಹಸಿವನ್ನು ಬರೆದಿರುವ ಬಗೆ ಕನ್ನಡದಲ್ಲಿ ಅಪೂರ್ವವಾದುದು. ಪ್ಲೇಗಿನಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗನು ವಾರಾನ್ನದಲ್ಲಿಯೂ ಅನಾಥಾಲಯದಲ್ಲಿಯೂ ಬೆಳೆದು, ಮುಂಬಯಿಯ ರೈಲುನಿಲ್ದಾಣದಲ್ಲಿ ಕೂಲಿಯಾಗಿ ಮೂಟೆ ಹೊತ್ತು, ಮತ್ತೆ ಮೈಸೂರಿಗೆ ಬಂದು ತತ್ತ್ವಶಾಸ್ತ್ರದಲ್ಲಿ ಸುವರ್ಣಪದಕವನ್ನು ಪಡೆಯುತ್ತಾನೆ. ಗ್ರಂಥದ ಶಕ್ತಿಯಿರುವುದು ಪದಕದಲ್ಲಲ್ಲ. ಯಾವ ಮನೆಯವರು ಮನಸ್ಸಿಟ್ಟು ಬಡಿಸಿದರು, ಯಾವ ಮನೆಯವರು ಬಡಿಸುತ್ತಲೇ ನೋಯಿಸಿದರು ಎಂಬುದನ್ನು ಲೆಕ್ಕದ ಪುಸ್ತಕದಂತೆ ನಿಷ್ಠುರವಾಗಿ ಬರೆದಿಟ್ಟುದರಲ್ಲಿ. ವಾರಾನ್ನವನ್ನು ಪುಣ್ಯಕಾರ್ಯವೆಂದು ಹೊಗಳುವ ನಮ್ಮವರು ಈ ಪುಟಗಳನ್ನು ಎರಡು ಸಲ ಓದಬೇಕು. ಕೊಡುವ ಕೈಗೆ ಅದು ವಾರಕ್ಕೊಂದು ದಿನದ ಪುಣ್ಯ. ತಿನ್ನುವ ಬಾಯಿಗೆ ಅದು ದಿನಕ್ಕೊಂದು ಬಾಗಿಲಿನ ಪರೀಕ್ಷೆ. ದೋಷವೆಂದು ಹೇಳಬಹುದಾದುದು ಇಷ್ಟೇ: ಕಥಾನಾಯಕನ ಸಂಕಲ್ಪಬಲವು ಎಷ್ಟು ಪ್ರಖರವಾಗಿ ಬೆಳಗುತ್ತದೆಯೆಂದರೆ, ಅವನಷ್ಟು ಗಟ್ಟಿಯಲ್ಲದ, ನಡುದಾರಿಯಲ್ಲಿ ಓದು ಬಿಟ್ಟ ಹುಡುಗರ ನೆರಳು ಅಲ್ಲಿ ಕಾಣುವುದೇ ಕಷ್ಟ. ಓದುವ ತಂದೆಯು, ‘ನೋಡು, ಮನಸ್ಸಿದ್ದರೆ ಹೀಗೆ’ ಎಂದು ಮಗನಿಗೆ ಹೇಳಿಬಿಡುತ್ತಾನೆ. ಮನಸ್ಸೊಂದರಿಂದಲೇ ಆಯಿತೆಂದು ಗ್ರಂಥವು ಹೇಳುವುದಿಲ್ಲ, ಓದುವವನು ಹೇಳಿಸಿಕೊಳ್ಳುತ್ತಾನೆ.

ಮೂರನೆಯದು ‘ಊರುಕೇರಿ’. 1954ರಲ್ಲಿ ಮಾಗಡಿಯ ಬಳಿಯ ಮಂಚನಬೆಲೆಯಲ್ಲಿ ಹುಟ್ಟಿ, 2021ರಲ್ಲಿ ಕೋವಿಡಿಗೆ ಬಲಿಯಾದ ಸಿದ್ಧಲಿಂಗಯ್ಯನವರು ಬೆಂಗಳೂರಿನಲ್ಲಿ ಓದಿದುದು ಗೋಪಾಲಪುರದ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು. ತಂದೆಯ ಕೊರಳಿಗೆ ಎತ್ತಿನಂತೆ ನೊಗ ಹೂಡಿದುದನ್ನು ಕಂಡ ಬಾಲಕನ ಕಥೆಯಿದು. ಇಷ್ಟಾದರೂ ಗ್ರಂಥದ ಉದ್ದಕ್ಕೂ ನಗೆಯಿದೆ. ಗದ್ದಲವಿಲ್ಲದ ಸ್ಥಳವೆಂದು ಸ್ಮಶಾನಕ್ಕೆ ಹೋಗಿ ಓದುತ್ತಿದ್ದ ಪ್ರಸಂಗವನ್ನು ಓದಿ ನಗದವರಿಲ್ಲ; ಆದರೆ ಬದುಕಿರುವವರ ನಗರದಲ್ಲಿ ಈ ಹುಡುಗನಿಗೆ ಪುಸ್ತಕ ತೆರೆದು ಕೂರಲು ಒಂದು ಜಗಲಿಯಿರಲಿಲ್ಲವಲ್ಲ ಎಂಬ ಮಾತು ನಗೆಯ ಬೆನ್ನಿಗೇ ಬಂದು ಚುಚ್ಚುತ್ತದೆ. ಇಲ್ಲಿ ‘ನಾನು’ ಎಂಬುದಕ್ಕಿಂತ ‘ನಾವು’ ಎಂಬುದು ಹೆಚ್ಚು. ವಿದ್ಯಾರ್ಥಿನಿಲಯದ ಗೆಳೆಯರು, ಅವರ ಹಸಿವು, ಅವರ ಭಾಷಣಗಳು, ಅಂಬೇಡ್ಕರರ ವಿಚಾರಗಳ ಚರ್ಚೆ ಇವೆಲ್ಲ ಸೇರಿ ಒಂದು ಕೇರಿಯೇ ಆಗುತ್ತವೆ. 1975ರ ‘ಹೊಲೆಮಾದಿಗರ ಹಾಡು’ ಹುಟ್ಟಿದುದು ಇಂತಹ ಬಾಳಿನಿಂದ. ಹಾಸ್ಯವು ಒಮ್ಮೊಮ್ಮೆ ಎಷ್ಟು ಹಗುರವಾಗಿ ಹಾರುತ್ತದೆಯೆಂದರೆ, ಅವಸರದ ಓದುಗನು ನೋವನ್ನು ಕಾಣದೆಯೇ ಮುಂದಕ್ಕೆ ಹೋಗಬಹುದು. ಅದನ್ನು ಕವಿಯ ದೋಷವೆನ್ನುವುದಕ್ಕಿಂತ ಓದುಗನ ದೋಷವೆನ್ನುವುದೇ ನ್ಯಾಯ.

ಈಗ ‘ಭಿತ್ತಿ’ಯನ್ನೂ ‘ಊರುಕೇರಿ’ಯನ್ನೂ ಒಟ್ಟಿಗಿಟ್ಟು ನೋಡಬೇಕು. ಇಬ್ಬರೂ ಹಸಿದವರು, ಇಬ್ಬರೂ ನಗರಕ್ಕೆ ಬಂದವರು. ಆದರೆ ಇಬ್ಬರ ಹಸಿವೂ ಒಂದೇ ಎಂದು ಹೇಳುವುದು ವಿಮರ್ಶೆಯಾಗದು. ಒಬ್ಬನು ತಟ್ಟಿದ ಬಾಗಿಲುಗಳಲ್ಲಿ ಕೆಲವು ತೆರೆದವು, ಕೆಲವು ಗೊಣಗಿಕೊಂಡು ತೆರೆದವು. ಇನ್ನೊಬ್ಬನಿಗೆ ತಟ್ಟುವ ಅಧಿಕಾರವೇ ಇರಲಿಲ್ಲ. ವಾರಾನ್ನವೆಂಬ ಏರ್ಪಾಡು ಜಾತಿಯ ಒಳಗಿನದು. ಅದರ ಪಂಕ್ತಿಗೆ ಹೊರಗಿನವನು ಬರುವಂತಿರಲಿಲ್ಲ. ಗುರುಕುಲದ ಸಂಪ್ರದಾಯವನ್ನು ಕೊಂಡಾಡುವ ನಮ್ಮಂತಹ ಪಾಠಶಾಲೆಯವರು ಈ ಮಾತನ್ನು ನುಂಗಿಕೊಂಡು ಮುಂದುವರಿಯಲಾಗದು. ವಿದ್ಯಾರ್ಥಿಗೆ ಅಲ್ಪಾಹಾರವೂ ಗೃಹತ್ಯಾಗವೂ ಲಕ್ಷಣಗಳೆಂದು ಸುಭಾಷಿತಕಾರರು ಹೇಳಿದರು. ಉಣ್ಣಲು ಇದ್ದು ಕಡಮೆ ಉಂಡವನಿಗೆ ಅದು ವ್ರತ. ಇಲ್ಲದೆ ಕಡಮೆ ಉಂಡವನಿಗೆ ಅದನ್ನೇ ಲಕ್ಷಣವೆಂದು ಹೇಳುವುದು ಕ್ರೌರ್ಯ. ಶತಪಥದ ಮಾತಿನಲ್ಲಿ ಮನುಷ್ಯಋಣವು ಮನುಷ್ಯರೆಲ್ಲರಿಗೆ ಸಲ್ಲತಕ್ಕದ್ದೇ ಹೊರತು ಒಂದು ಕುಲದವರಿಗೆಂದಲ್ಲ. ಆ ಋಣವನ್ನು ಸಮಾಜವು ತೀರಿಸದೆ ಉಳಿಸಿದಲ್ಲಿ ಸರ್ಕಾರದ ವಿದ್ಯಾರ್ಥಿನಿಲಯವು ಬಂದು ನಿಂತಿತು. ನಮ್ಮ ಜಿಲ್ಲೆಯಲ್ಲಿ ಇದನ್ನು ಬಹುಬೇಗ ಅರಿತವರು ಕುದ್ಮುಲ್ ರಂಗರಾಯರು. 1897ರಲ್ಲಿಯೇ ಮಂಗಳೂರಿನಲ್ಲಿ ದಲಿತವರ್ಗದವರಿಗಾಗಿ ಮಿಷನನ್ನು ಸ್ಥಾಪಿಸಿ ಶಾಲೆಗಳನ್ನು ತೆರೆದರು. ಅದಕ್ಕಾಗಿ ಸ್ವಂತ ಜನರಿಂದಲೇ ಅವರು ಪಟ್ಟ ಪಾಡನ್ನು ನೆನೆದರೆ, ಈ ಋಣವನ್ನು ತೀರಿಸುವುದು ಎಷ್ಟು ಕಷ್ಟವೆಂಬುದು ತಿಳಿಯುವುದು.

ಮೂರು ಗ್ರಂಥಗಳಲ್ಲಿಯೂ ಇಲ್ಲದ ಒಂದು ಮುಖವಿದೆ. ಅದು ವಿದ್ಯಾರ್ಥಿನಿಯದು. ಮೂವರೂ ಗಂಡಸರು ಬರೆದುದರಿಂದ ಇದು ಸಹಜ. ಆದರೆ ಈ ಮೂರನ್ನು ಓದಿ ವಿದ್ಯಾರ್ಥಿಜೀವನವನ್ನು ಪೂರ್ಣವಾಗಿ ತಿಳಿದೆವೆಂದುಕೊಳ್ಳುವುದು ಸಹಜವಲ್ಲ. ಸ್ಮಶಾನಕ್ಕೆ ಹೋಗಿ ಓದುವ ಸ್ವಾತಂತ್ರ್ಯವಾಗಲಿ, ಕೆರೆಯ ಏರಿಯ ಮೇಲೆ ಒಬ್ಬನೇ ಕುಳಿತು ಸಂಜೆಯನ್ನು ನೋಡುವ ಸ್ವಾತಂತ್ರ್ಯವಾಗಲಿ, ಹೊಟ್ಟೆಪಾಡಿಗಾಗಿ ಮುಂಬಯಿಗೆ ಓಡಿಹೋಗುವ ಸ್ವಾತಂತ್ರ್ಯವಾಗಲಿ ಆಕೆಗೆ ಎಲ್ಲಿತ್ತು? ಕತ್ತಲಾಗುವ ಮೊದಲು ಮುಚ್ಚುವ ಬಾಗಿಲಿನ ಒಳಗಿದ್ದು ಓದಿದವಳ ಕಥೆಗೆ ಬೇರೆಯೇ ಅಳತೆ ಬೇಕು. ನಮ್ಮ ಸೀಮೆಯಿಂದ ಹೋಗಿ ಓದಿದ ಹೆಣ್ಣುಮಕ್ಕಳು ಈಗ ಮನೆಮನೆಯಲ್ಲಿದ್ದಾರೆ. ಅವರು ಬರೆಯಬೇಕು. ಇಂತಹ ಮಾಸಪತ್ರಿಕೆಗಳು ಅದಕ್ಕೆ ಎಡೆ ಕೊಡಬೇಕು.

ವಾಚಕಮಹಾಶಯರು ಇದನ್ನೆಲ್ಲ ಗ್ರಂಥಗಳ ಮಾತೆಂದು ಬದಿಗಿಡಬಾರದೆಂದು ನನ್ನ ಪ್ರಾರ್ಥನೆ. ಬೆಳ್ಳಾರೆಯಲ್ಲಿ ಈಗ ಕಾರಂತರ ಹೆಸರಿನ ಸರ್ಕಾರಿ ಪದವಿ ಕಾಲೇಜಿದೆ. ಸುಳ್ಯದಲ್ಲಿಯೂ ಪುತ್ತೂರಿನಲ್ಲಿಯೂ ಕಾಲೇಜುಗಳಿವೆ. ಅನೇಕ ಮಕ್ಕಳು ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಮನೆಯ ಗಂಜಿಗೆ ಮರಳುತ್ತಾರೆ. ಇದು ಸಣ್ಣ ಭಾಗ್ಯವಲ್ಲ. ಆದರೆ ಮುಂದಿನ ಓದಿಗೆ ಬೆಂಗಳೂರಿನ ದಾರಿ ಹಿಡಿಯುವವರು ಈಗಲೂ ಇದ್ದಾರೆ. ಅವರನ್ನು ಕಳುಹಿಸುವಾಗ ನಾವು ಕೇಳುವ ಪ್ರಶ್ನೆಗಳು ಶುಲ್ಕವೆಷ್ಟು, ಅಂಕವೆಷ್ಟು, ಮುಂದೆ ಸಂಬಳವೆಷ್ಟು ಎಂಬಿವು. ತಿಂಗಳ ಬಾಡಿಗೆಯ ಪಿ. ಜಿ. ಕೋಣೆಯಲ್ಲಿ ನಾಲ್ಕು ಮಂಚಗಳ ನಡುವೆ ಮಲಗುವ ಮಗುವಿಗೆ ಜ್ವರ ಬಂದರೆ ಗಂಜಿ ಕಾಯಿಸುವವರು ಯಾರು, ಜೊತೆಗಿರುವವರ ಹೆಸರೇನು, ಅವರ ಮನೆಯ ಸ್ಥಿತಿ ಏನು ಎಂದು ಕೇಳುವವರು ಕಡಮೆ. ಹಣ ಕೊಟ್ಟುದರಿಂದ ಋಣವು ಮುಗಿಯಿತೆಂದು ಭಾವಿಸುವುದು ಈ ಕಾಲದ ಭ್ರಮೆ. ಅಡಿಗೆಯವನಿಗೆ ಸಂಬಳ ಸಲ್ಲಬಹುದು. ಕಾಯಿಲೆಯ ರಾತ್ರಿ ಎಚ್ಚರವಿದ್ದ ಗೆಳೆಯನಿಗೆ ಯಾವ ಸಂಬಳ?

ಆದುದರಿಂದ ಈ ಮೂರು ಗ್ರಂಥಗಳನ್ನು ಮಕ್ಕಳ ಕೈಗೆ ಕೊಡುವವರು ಮೂರನ್ನೂ ಒಟ್ಟಿಗೆ ಕೊಡಬೇಕು. ಮೊದಲನೆಯದೊಂದನ್ನೇ ಓದಿದವನು ಪ್ರತಿಭೆಯೊಂದೇ ಸಾಕೆಂದಾನು. ಎರಡನೆಯದೊಂದನ್ನೇ ಓದಿದವನು ಛಲವೊಂದೇ ಸಾಕೆಂದಾನು. ಮೂರನೆಯದನ್ನು ಸೇರಿಸಿ ಓದಿದಾಗ, ಪ್ರತಿಭೆಗೂ ಛಲಕ್ಕೂ ಅನ್ನವಿಟ್ಟವರು ಯಾರು, ಇಡದವರು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆ ಪ್ರಶ್ನೆಯನ್ನು ಎಬ್ಬಿಸುವುದು ಸಾಹಿತ್ಯದ ಕೆಲಸ. ಉತ್ತರಿಸುವುದು ಮನೆಗಳ ಕೆಲಸ.