ಎರಡು ಒಲೆ, ಹದಿನೈದು ಎಲೆ

ಮುಂದಿನ ವಾರ ಯುಗಾದಿ. ಈ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಒಂದು ಚೀಟಿ ತಯಾರಾಗಿರುತ್ತದೆ. ಹೋಳಿಗೆ, ಆಂಬೊಡೆ, ಕೋಸಂಬರಿ, ಎರಡು ಪಲ್ಯ, ಮಾವಿನಕಾಯಿ ಚಿತ್ರಾನ್ನ, ಪಾಯಸ. ಮರುದಿನಕ್ಕೆ ಬಾಡಿನ ಸಾರು, ಬೋಟಿ ಗೊಜ್ಜು, ಚಾಪ್ಸು, ಸಾಧ್ಯವಾದರೆ ಬಿರಿಯಾನಿ. ಚೀಟಿ ಬರೆದವರ ಉತ್ಸಾಹಕ್ಕೆ ಕೊರತೆಯಿಲ್ಲ. ಅಡುಗೆಮನೆಯಲ್ಲಿ ಮಾತ್ರ ಎರಡು ಬರ್ನರಿನ ಒಲೆ, ಒಂದು ಮಿಕ್ಸಿ, ಐದು ಗಂಟೆಗೇ ಎದ್ದು ತಲೆಗೆ ನೀರು ಹಾಕಿಕೊಂಡ ಇಬ್ಬರು ಹೆಂಗಸರು. ಊಟ ಮೂರು ಗಂಟೆಗೆ ಜಾರುವುದು, ಹೋಳಿಗೆ ತಟ್ಟಿದವರು ಎಲ್ಲರೂ ಎದ್ದ ಮೇಲೆ ತಣ್ಣಗಿನ ಅನ್ನ ಕಲಸಿಕೊಳ್ಳುವುದು, ಸಂಜೆ ಹೊತ್ತಿಗೆ ಮಾತಿಗೆ ಮಾತು ಬೆಳೆಯುವುದು, ಇವೆಲ್ಲದರ ಬೀಜ ಆ ಚೀಟಿಯಲ್ಲೇ ಇದೆ. ಅದರಲ್ಲಿ ಅಡುಗೆಗಳ ಹೆಸರಿದೆ, ಹೊತ್ತು ಇಲ್ಲ.

ಹಬ್ಬದಡುಗೆಗೆ ಒಲೆಯ ಲೆಕ್ಕ ಹಾಕಬೇಕು ಎನ್ನುವುದು ಈ ವಾರದ ನನ್ನ ವಾದ. ಎಲೆ ಹಾಕುವ ಗಂಟೆಯನ್ನು ಮೊದಲು ಬರೆಯಿರಿ, ಒಂದೂಕಾಲು ಎಂದಿಟ್ಟುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಬರುತ್ತಾ, ಯಾವ ಹೊತ್ತಿನಲ್ಲಿ ಯಾವ ಒಲೆಯ ಮೇಲೆ ಏನಿರುತ್ತದೆ ಎಂದು ಗುರುತು ಹಾಕಿ. ಜಾಗ ಸಿಗದ ಅಡುಗೆಯನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ.

ಹಳೇ ಮೈಸೂರಿನ ಒಕ್ಕಲು ಮನೆಗಳಲ್ಲಿ ಈ ಲೆಕ್ಕ ಇನ್ನೂ ಮುಖ್ಯ. ಮಂಡ್ಯ, ಮೈಸೂರು, ರಾಮನಗರದ ಕಡೆಯ ಯುಗಾದಿ ಎರಡು ದಿನದ್ದು: ಮೊದಲ ದಿನ ಎಣ್ಣೆಸ್ನಾನ, ಬೇವು-ಬೆಲ್ಲ, ಹೋಳಿಗೆ, ಮರುದಿನ ಹೊಸತೊಡಕು, ಬಾಡೂಟ. ಒಂದೇ ಅಡುಗೆಮನೆ ಒಂದು ರಾತ್ರಿ ಕಳೆಯುವುದರೊಳಗೆ ಮಡಿಯಿಂದ ಮಾಂಸಕ್ಕೆ ಹೊರಳಬೇಕು. ಮೊದಲ ದಿನವೇ ಕೈಕಾಲು ಸೋತರೆ ಎರಡನೆಯ ದಿನದ ಸಾರಿನಲ್ಲಿ ಅದು ಗೊತ್ತಾಗುತ್ತದೆ.

ಮೊದಲು ಹೋಳಿಗೆಯ ಲೆಕ್ಕ. ಹದಿನೈದು ಜನಕ್ಕೆ ತಲೆಗೆ ಮೂರು, ಅದರ ಮೇಲೆ ಅಕ್ಕಪಕ್ಕದ ಮನೆಗೆ, ಊರಿಗೆ ಹೊರಡುವ ಮಗಳ ಡಬ್ಬಿಗೆ. ಅರವತ್ತು ಎನ್ನಿ. ಸಣ್ಣ ನಿಂಬೆಹಣ್ಣಿನ ಗಾತ್ರದ ಹೂರಣದುಂಡೆಗೆ ಒಂದೂಕಾಲು ಕಿಲೋ ತೊಗರಿಬೇಳೆ ಬೇಕು, ಹೆಚ್ಚುಕಡಿಮೆ ಅಷ್ಟೇ ಬೆಲ್ಲ. ಒಂದು ಹೋಳಿಗೆ ಹೆಂಚಿನ ಮೇಲೆ ಎರಡೂ ಮಗ್ಗುಲು ಬೇಯಲು ಎರಡು ನಿಮಿಷ. ಅರವತ್ತಕ್ಕೆ ಎರಡು ಗಂಟೆ! ಹನ್ನೊಂದಕ್ಕೆ ಶುರುಮಾಡಿದರೆ ಒಂದು ಒಲೆ ಒಂದು ಗಂಟೆಯವರೆಗೆ ಹೋಳಿಗೆಗೇ ಮುಡಿಪು. ಅನ್ನ, ಸಾರು, ಪಲ್ಯ, ಕರಿಯುವ ಬಾಣಲೆ ಎಲ್ಲವೂ ಉಳಿದೊಂದು ಒಲೆಯ ಮುಂದೆ ಸಾಲುಗಟ್ಟುತ್ತವೆ.

ಹಾಗಾಗಿ ಹೂರಣ ಹಿಂದಿನ ಸಂಜೆಯೇ ಆಗಿಬಿಡಲಿ. ಬೇಳೆ ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೇಯಬೇಕು, ಕರಗಬಾರದು. ಕುಕ್ಕರಿನಲ್ಲಿ ಕೂಗಿಸಿದರೆ ಈ ಹದ ಕೈತಪ್ಪುತ್ತದೆ. ಅಗಲ ಪಾತ್ರೆಯೇ ಸರಿ. ಬಸಿದ ಕಟ್ಟು ಒಂದು ಕಡೆ ಇರಲಿ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಶೋಧಿಸಿದರೆ ಕಲ್ಲುಮಣ್ಣಿನ ಭಯವಿಲ್ಲ. ಬೆಲ್ಲ ಕೊಳ್ಳುವಾಗ ಕಂದು ಬಣ್ಣದ್ದನ್ನು ಕೇಳಿ. ಮಿಂಚುವ ಹಳದಿ ಬಣ್ಣ ಬರಲೆಂದು ಆಲೆಮನೆಗಳಲ್ಲಿ ರಾಸಾಯನಿಕ ಬೆರೆಸುವುದುಂಟು, ಕಂದು ಬೆಲ್ಲದ ರುಚಿಯ ಆಳ ಅದಕ್ಕೆ ಇಲ್ಲ. ಹೂರಣ ರುಬ್ಬಿ, ಆರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಚಿರೋಟಿ ರವೆಗೆ ಅರಿಶಿನ ಹಾಕಿ ಕಲಸಿ, ಕೈತುಂಬ ಎಣ್ಣೆ ಹಾಕಿ ನಾದಿದ ಕನಕ ರಾತ್ರಿಯೆಲ್ಲ ನೆನೆದಷ್ಟೂ ಒಳ್ಳೆಯದು. ಬೆಳಿಗ್ಗೆ ರಬ್ಬರಿನಂತೆ ಎಳೆದರೆ ಎಳೆದಷ್ಟು ಬರುತ್ತದೆ.

ಬೆಳಿಗ್ಗೆ ಎಂಟಕ್ಕೆ ಎರಡೂ ಒಲೆಯ ಮೇಲೆ ಹೆಂಚಿಡಿ. ಒಬ್ಬರು ತಟ್ಟಲಿ, ಒಬ್ಬರು ಬೇಯಿಸಲಿ. ಒಂಬತ್ತೂಕಾಲಕ್ಕೆ ಹೋಳಿಗೆ ಮುಗಿದು ಒಲೆಗಳೆರಡೂ ಬಿಡುವಾಗುತ್ತವೆ. ಬಿಸಿಬಿಸಿ ಹೋಳಿಗೆಯೇ ಬೇಕು ಎನ್ನುವವರು ಮನೆಗೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ಹೇಳಿ: ಬಟ್ಟೆಯ ಮೇಲೆ ಹರಡಿ ಆರಿಸಿ, ಒಂದರ ಮೇಲೊಂದು ಪೇರಿಸಿಟ್ಟ ಹೋಳಿಗೆಯಲ್ಲಿ ಹೂರಣದ ಪಸೆ ಕನಕಕ್ಕೆ ಇಳಿದು ಅದು ಇನ್ನಷ್ಟು ಮೆತ್ತಗಾಗುತ್ತದೆ. ಬಡಿಸುವ ಮುನ್ನ ಕಾದ ಹೆಂಚಿನ ಮೇಲೆ ತುಪ್ಪ ಸವರಿ ಅರ್ಧ ನಿಮಿಷ ಹಾಕಿದರೆ ಯಾವ ನಾಲಿಗೆಗೂ ವ್ಯತ್ಯಾಸ ತಿಳಿಯದು.

ಕಟ್ಟಿನ ಕಥೆ ಇನ್ನೂ ಚೆನ್ನ. ಹೂರಣಕ್ಕೆ ಬೇಳೆ ಬೇಯಿಸಿದ ನೀರೇ ಹೋಳಿಗೆ ಸಾರಿನ ಬಂಡವಾಳ. ಮಾರ್ಚಿನ ಸೆಕೆಯಲ್ಲಿ ಕಟ್ಟು ಹಾಗೇ ಇಟ್ಟರೆ ಹುಳಿಯುತ್ತದೆ, ಆದ್ದರಿಂದ ಸಾರನ್ನೂ ಹಿಂದಿನ ರಾತ್ರಿಯೇ ಮಾಡಿ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕೊಬ್ಬರಿ, ಸಾರಿನ ಪುಡಿ ರುಬ್ಬಿ, ಹುಣಸೆರಸದ ಜೊತೆ ಒಂದು ಹಿಡಿ ಹೂರಣ ಕದಡಿ ಕುದಿಸಿ. ಈರುಳ್ಳಿ ಬಳಸದ ಮನೆಗಳಲ್ಲಿ ಜೀರಿಗೆ, ಮೆಣಸು ಆ ಕೆಲಸ ಮಾಡುತ್ತವೆ. ಬೆಳಿಗ್ಗೆ ಮತ್ತೊಂದು ಕುದಿ ಬಂದ ಸಾರಿನ ಮುಂದೆ ಅಂದೇ ಮಾಡಿದ ಸಾರು ಸಪ್ಪೆ. ಉತ್ತರ ಕರ್ನಾಟಕದ ಕಡಲೆಬೇಳೆ ಹೋಳಿಗೆಗೂ ಕಟ್ಟಿನ ಸಾರು ಇಂಥದೇ ಜೊತೆಗಾರ. ಒಂದು ಪಾತ್ರೆ ಬೇಳೆಯಿಂದ ಸಿಹಿಯೂ ಖಾರವೂ ಹುಟ್ಟುವ ಈ ಯೋಜನೆಯನ್ನು ನಮ್ಮ ಅಜ್ಜಿಯರು ಯಾವ ಚೀಟಿಯನ್ನೂ ಬರೆಯದೆ ಮಾಡಿಟ್ಟಿದ್ದಾರೆ.

ಇನ್ನು ಹೊಡೆದುಹಾಕುವ ಸರದಿ. ಹೋಳಿಗೆ ಇರುವ ಎಲೆಗೆ ಪಾಯಸ ಬೇಡ. ಎರಡು ಸಿಹಿ ಒಂದರ ಕಾಲನ್ನೊಂದು ಎಳೆಯುತ್ತವೆ. ಪಲ್ಯ ಒಂದು ಸಾಕು, ಹುರುಳಿಕಾಯಿಯದು. ಕೋಸಂಬರಿಗೆ ಒಲೆಯೇ ಬೇಡ, ಹೆಸರುಬೇಳೆ ನೆನೆಯಲು ಹೊತ್ತು ಬೇಕು ಅಷ್ಟೆ. ಉಪ್ಪನ್ನು ಮಾತ್ರ ಬಡಿಸುವಾಗಲೇ ಹಾಕಿ. ಚಿತ್ರಾನ್ನದ ಒಗ್ಗರಣೆಯನ್ನು ಹತ್ತು ಗಂಟೆಗೇ ಮಾಡಿಟ್ಟು, ಮಾವಿನಕಾಯಿ ತುರಿ ಬೆರೆಸಿ, ಆರಿದ ಅನ್ನಕ್ಕೆ ಕಲಸಬಹುದು. ಕೊನೆಯ ಅರ್ಧ ಗಂಟೆ ಒಂದು ಒಲೆ ಆಂಬೊಡೆಗೆ, ಇನ್ನೊಂದು ಅನ್ನಕ್ಕೆ.

ಕುಡಿಯುವುದರ ಬಗ್ಗೆ ಚೀಟಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಕೊನೆಗೆ ಯಾರೋ ಅಂಗಡಿಗೆ ಓಡಿ ಎರಡು ಲೀಟರಿನ ಕೂಲ್ ಡ್ರಿಂಕ್ಸ್ ಬಾಟಲಿ ತರುತ್ತಾರೆ, ಮಕ್ಕಳು ಅದನ್ನೇ ಕುಡಿದು ಎಲೆಯ ಮುಂದೆ ಮುಖ ತಿರುಗಿಸುತ್ತಾರೆ. ವಿಜಯಪುರ, ಬಾಗಲಕೋಟೆಯ ಕಡೆಯವರು ಈ ವಿಷಯದಲ್ಲಿ ಜಾಣರು. ಅವರಿಗೆ ಯುಗಾದಿಯ ಬೇವು ಕುಡಿಯುವ ಪದಾರ್ಥ. ಬೆಲ್ಲದ ನೀರಿಗೆ ಹುಣಸೆರಸ, ಮಾವಿನಕಾಯಿ ತುರಿ, ಬೇವಿನ ಹೂವು, ಪುಟಾಣಿ ಹಿಟ್ಟು, ಒಣಕೊಬ್ಬರಿ, ಗೋಡಂಬಿ-ದ್ರಾಕ್ಷಿ ಬೆರೆಸಿ ಲೋಟಗಟ್ಟಲೆ ಕುಡಿಯುತ್ತಾರೆ. ಹೊಟ್ಟೆಗೂ ಆಧಾರ, ಅಡುಗೆಯವರಿಗೂ ಬಿಡುವು. ನಮ್ಮ ಕಡೆ ಚಿಟಿಕೆ ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು, ಎಲೆ ಯಾವಾಗ ಎಂದು ಅಡುಗೆಮನೆ ಕಡೆ ಕಣ್ಣು ಹಾಯಿಸುತ್ತೇವೆ.

ಹನ್ನೊಂದೂವರೆಗೆ ನೆಂಟರು ಬಂದು ಕೂತಾಗ ನೀರು ಮಜ್ಜಿಗೆ ಕೊಡಿ. ಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕಿ, ಇಂಗು, ಉಪ್ಪು, ಕೊತ್ತಂಬರಿ ಸೊಪ್ಪು ಬೆರೆಸಿದರೆ ಆಯಿತು. ಒಂದು ಲೀಟರ್ ಮೊಸರಿಗೆ ಮೂರು ಲೀಟರ್ ನೀರು. ಹದಿನೈದು ಜನಕ್ಕೆ ಧಾರಾಳ. ಈ ಸೆಕೆಯಲ್ಲಿ ಸಂಜೆಯೇ ಹೆಪ್ಪು ಹಾಕಿದರೆ ಮಧ್ಯಾಹ್ನಕ್ಕೆ ಮೊಸರು ಹಲ್ಲು ಚುಳ್ಳೆನ್ನಿಸುತ್ತದೆ, ಮಲಗುವ ಮುಂಚೆ ಹಾಕಿ. ಪಾನಕವನ್ನು ಊಟಕ್ಕೆ ಮೊದಲು ಕೊಡುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ: ಬೆಲ್ಲದ ನೀರು ಕುಡಿದ ನಾಲಿಗೆಗೆ ಬೆಲ್ಲದ ಹೋಳಿಗೆ ರುಚಿಸುವುದಿಲ್ಲ. ಅದರ ಹೊತ್ತು ಸಂಜೆ ನಾಲ್ಕು, ನಿದ್ದೆಯಿಂದ ಎದ್ದಾಗ. ಒಂದು ಲೀಟರ್ ನೀರಿಗೆ ನೂರೈವತ್ತು ಗ್ರಾಂ ಬೆಲ್ಲ, ಒಂದು ನಿಂಬೆಹಣ್ಣು, ಏಲಕ್ಕಿ, ಚೂರು ಒಣಶುಂಠಿ, ನಾಲ್ಕು ಕಾಳು ಮೆಣಸು. ಮಡಕೆಯಲ್ಲಿಟ್ಟರೆ ಸಾಕಷ್ಟು ತಂಪು.

ಊಟ ಆದಮೇಲೆ ಕಾಫಿ. ನೂರು ಗ್ರಾಂ ಪುಡಿಗೆ ಅರ್ಧ ಲೀಟರ್ ಕುದಿನೀರು ಹೊಯ್ದರೆ ಹನ್ನೆರಡು ಸಣ್ಣ ಲೋಟಕ್ಕಾಗುವಷ್ಟು ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಹದಿನೈದು ಜನಕ್ಕೆ ಎರಡು ಫಿಲ್ಟರ್ ಹಾಕಿ. ಊಟಕ್ಕೆ ಕೂರುವ ಮುಂಚೆ ಹಾಕಿಟ್ಟರೆ ಕೈ ತೊಳೆಯುವ ಹೊತ್ತಿಗೆ ಇಳಿದಿರುತ್ತದೆ. ಡಿಕಾಕ್ಷನ್ನನ್ನು ಮತ್ತೆ ಕಾಯಿಸಬೇಡಿ, ಹಾಲು ಮಾತ್ರ ಕುದಿಯಲಿ. ಹೋಳಿಗೆ ತಿಂದ ಬಾಯಿಗೆ ಸಕ್ಕರೆ ಅರ್ಧ ಸಾಕು. ಹಬ್ಬದ ಕಾಫಿಗೆ ಚಿಕೋರಿ ಕಡಿಮೆ ಇರುವ ಪುಡಿ ಕೊಳ್ಳಿ. ಕಹಿ ಇರಬೇಕಾದ ಜಾಗವೇ ಅದು.

ಈಗ ಹೊಸತೊಡಕು. ಹಳ್ಳಿಗಳಲ್ಲಿ ಇದರ ಯೋಜನೆ ಹಿಂದಿನ ಯುಗಾದಿ ಮುಗಿಯುತ್ತಿದ್ದಂತೆ ಶುರುವಾಗುತ್ತದೆ. ತಿಂಗಳಿಗಿಷ್ಟು ಎಂದು ಮಟನ್ ಚೀಟಿ ಕಟ್ಟಿ, ಹಬ್ಬದ ಹೊತ್ತಿಗೆ ಒಟ್ಟುಗೂಡಿದ ಹಣದಲ್ಲಿ ಮರಿ ಕೊಂಡು, ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಪ್ರತಿ ಗುಡ್ಡೆಯಲ್ಲೂ ತೊಡೆ, ಪಕ್ಕೆ, ಲಿವರ್, ಬೋಟಿ ಸ್ವಲ್ಪ ಸ್ವಲ್ಪ ಇರಬೇಕೆಂಬುದು ನ್ಯಾಯ. ಪಟ್ಟಣದವರ ಪಾಡು ಬೇರೆ, ಬೆಂಗಳೂರಿನ ಮೈಸೂರು ರಸ್ತೆಯ ಮಟನ್ ಅಂಗಡಿಗಳ ಮುಂದೆ ನಸುಕಿಗೇ ಸಾಲು ನಿಲ್ಲುತ್ತದೆ. 2024ರಲ್ಲಿ ಏಪ್ರಿಲ್ 9ಕ್ಕೆ ಯುಗಾದಿ, ಎರಡು ದಿನ ಬಿಟ್ಟು ರಂಜಾನ್. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮರುದಿನವೇ ರಂಜಾನ್. ಎರಡು ಹಬ್ಬದ ಮಾಂಸ ಒಂದೇ ಅಂಗಡಿಯಿಂದ ಬರಬೇಕಾದಾಗ ಸಾಲು ಬೆಳೆಯದೆ ಇನ್ನೇನು? ಹೊಸತೊಡಕು ಸೋಮವಾರವೋ ಶನಿವಾರವೋ ಬಿದ್ದರೆ ಕೆಲವು ಮನೆಯವರು ಒಂದು ದಿನ ಮುಂದೂಡುತ್ತಾರೆ. ಅದನ್ನು ಹಿರಿಯರ ಹತ್ತಿರ ಮೊದಲೇ ಕೇಳಿಕೊಂಡು, ಅಂಗಡಿಯವರಿಗೆ ಮುಂಗಡ ಹೇಳಿಡಿ.

ಮೂಳೆಸಮೇತ ತಲೆಗೆ ಕಾಲು ಕಿಲೋ ಲೆಕ್ಕ. ಹದಿನೈದು ಜನಕ್ಕೆ ನಾಲ್ಕು ಕಿಲೋ ಸಾಕು, ಮಕ್ಕಳ ಪಾಲು ದೊಡ್ಡವರಿಗೆ ಸೇರುತ್ತದೆ. ತೊಡೆಯೊಂದನ್ನೇ ಕೇಳುವವರಿಗೆ ಸಾರಿನ ಮರ್ಮ ಗೊತ್ತಿಲ್ಲ. ಪಕ್ಕೆಯ ಕೊಬ್ಬು, ಮೂಳೆಯ ಸಾರ ಇಳಿಯದೆ ಬಾಡಿನ ಸಾರಿಗೆ ಮೈ ಬರುವುದಿಲ್ಲ. ಬನ್ನೂರು ಕುರಿಗೆ ಹೆಸರು ಬಂದದ್ದು ಮಾಂಸದೊಳಗೇ ಹರಡಿಕೊಂಡ ಆ ಕೊಬ್ಬಿನಿಂದ. ದನಿಯ, ಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆ ಹುರಿದು ಪುಡಿ ಮಾಡುವುದು ವಾರದ ಮೊದಲೇ ಆಗಲಿ. ತೆಂಗಿನಕಾಯಿ ಮಾತ್ರ ಅಂದೇ ರುಬ್ಬಿ.

ಇಲ್ಲೂ ಒಲೆಯ ಲೆಕ್ಕವೇ. ಒಂದು ಒಲೆ ಸಾರಿಗೆ, ಬೆಳಿಗ್ಗೆ ಹತ್ತರಿಂದ. ಇನ್ನೊಂದರ ಮೇಲೆ ಒಂದು ಒಣ ಪದಾರ್ಥ: ಚಾಪ್ಸೋ ಬೋಟಿ ಗೊಜ್ಜೋ, ಎರಡರಲ್ಲಿ ಒಂದು. ಬೋಟಿ ಎಂದರೆ ಬಿಸಿನೀರು, ಅರಿಶಿನ ಹಾಕಿ ತೊಳೆಯಲು ಒಬ್ಬರಿಗೆ ಒಂದು ಗಂಟೆಯ ಕೆಲಸ; ತೊಳೆಯುವವರು ಯಾರೆಂದು ಮೊದಲು ಗೊತ್ತಾಗಲಿ, ಆಮೇಲೆ ಕೊಳ್ಳಿ. ಬಿರಿಯಾನಿಯನ್ನು ನಾನು ಹೊಸತೊಡಕಿನಿಂದ ಗಡಿಪಾರು ಮಾಡುತ್ತೇನೆ. ಒಂದು ಒಲೆಯನ್ನೂ ಒಬ್ಬರ ಪೂರ್ತಿ ಗಮನವನ್ನೂ ನುಂಗಿ, ಕೊನೆಗೆ ಮುದ್ದೆಯ ಹಸಿವನ್ನು ಕೆಡಿಸುವ ಅಡುಗೆ ಅದು. ಇನ್ಯಾವುದಾದರೂ ಭಾನುವಾರ ಅದಕ್ಕೆ ಮರ್ಯಾದೆ ಮಾಡೋಣ.

ಮುದ್ದೆಯನ್ನು ಮೊದಲೇ ಮಾಡಿಡುವ ಹಾಗಿಲ್ಲ. ಆರಿದರೆ ಕೆಟ್ಟಿತು. ಎಲೆ ಹಾಕುವ ಇಪ್ಪತ್ತು ನಿಮಿಷ ಮುಂಚೆ ಒಂದು ಒಲೆ ಖಾಲಿಯಾಗಬೇಕು, ಕೋಲು ತಿರುವಲು ಗಟ್ಟಿ ರಟ್ಟೆಯವರು ಬೇಕು. ಹದಿನೈದು ಮುದ್ದೆಯ ಹಿಟ್ಟನ್ನು ಗಂಟಾಗದಂತೆ ತಿರುವುವುದು ಮನೆಯ ಗಂಡಸರಿಗೆ ಹೇಳಿ ಮಾಡಿಸಿದ ಕೆಲಸ. ಜಗಲಿಯ ಇಸ್ಪೀಟಿನಿಂದ ಇಬ್ಬರನ್ನು ಎಬ್ಬಿಸಿ. ಮಾಂಸ ತಿನ್ನದ ಹಿರಿಯರಿಗೆ ನಿನ್ನೆಯ ಹೋಳಿಗೆ ಸಾರು ಇದೆಯಲ್ಲ, ಅದು ಇವತ್ತು ಇನ್ನೂ ರುಚಿ.

ಗುಂಡು-ತುಂಡಿನ ಜೋಡಿ ಹಲವು ಮನೆಗಳಲ್ಲಿ ಇದ್ದದ್ದೇ. ಕಣ್ಣುಮುಚ್ಚಿಕೊಂಡು ಬರೆಯುವುದರಲ್ಲಿ ಅರ್ಥವಿಲ್ಲ. ರುಚಿಯ ಮಾತಷ್ಟೇ ಹೇಳುವುದಾದರೆ, ಎರಡನೆಯ ಪೆಗ್ಗಿನ ನಂತರ ನಾಲಿಗೆಗೆ ಖಾರ, ಉಪ್ಪು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಮೂರು ಗಂಟೆ ಸಣ್ಣ ಉರಿಯಲ್ಲಿ ಬೆಂದ ಸಾರಿಗೆ ಅದಕ್ಕಿಂತ ಅವಮಾನವಿಲ್ಲ. ಕುಡಿಯುವವರು ಒಂದಕ್ಕೆ ನಿಲ್ಲಿಸಿ ಊಟಕ್ಕೆ ಬರಲಿ, ಅವತ್ತು ಗಾಡಿಯ ಕೀಲಿ ಬೇರೆಯವರ ಕೈಯಲ್ಲಿರಲಿ. ಮಿಕ್ಕವರಿಗೆ ಉಪ್ಪು, ಸಕ್ಕರೆ ಎರಡೂ ಹಾಕಿದ ನಿಂಬೆ ಶರಬತ್ತು. ಬಾಡೂಟದ ಖಾರವನ್ನು ಅದರಷ್ಟು ಚೊಕ್ಕವಾಗಿ ಇಳಿಸುವುದು ಇನ್ನೊಂದಿಲ್ಲ. ಊಟವಾದ ಮೇಲೆ ಬಿಡುವಾದ ಒಲೆಯ ಮೇಲೆ ಕಾಲು ಸೂಪಿಗೆ ಇಟ್ಟುಬಿಡಿ. ಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಸಣ್ಣ ಉರಿಯಲ್ಲಿ ನಾಲ್ಕು ಗಂಟೆ ಬೆಂದರೆ ಅದೇ ರಾತ್ರಿಯ ಊಟ. ಅನ್ನ ಒಂದಿದ್ದರೆ ಸಾಕು.

ಈ ಲೆಕ್ಕದಲ್ಲಿ ಅಡುಗೆಗಳ ಸಂಖ್ಯೆ ಕಡಿಮೆಯಾಗುತ್ತದೆ ಎಂದು ಯಾರಾದರೂ ಗೊಣಗಿದರೆ ಗೊಣಗಲಿ. ಎಲೆಯ ಮೇಲೆ ಹನ್ನೆರಡು ಬಗೆ ಇದ್ದ ಹಬ್ಬಕ್ಕಿಂತ, ಏಳು ಬಗೆ ಹೊತ್ತಿಗೆ ಸರಿಯಾಗಿ, ಬಿಸಿಯಾಗಿ ಬಂದ ಹಬ್ಬ ದೊಡ್ಡದು. ಯೋಜನೆ ಸರಿಯಿತ್ತೇ ಎಂದು ನೋಡಲು ಒಂದೇ ಪರೀಕ್ಷೆ ಸಾಕು: ಹೋಳಿಗೆ ತಟ್ಟಿದವರು ಮೊದಲ ಪಂಕ್ತಿಯಲ್ಲೇ ಕೂತು ಉಂಡರೇ? ಈ ಯುಗಾದಿಗೆ ಅವರ ಎಲೆಯನ್ನು ಮೊದಲು ಹಾಕಿ. ಬಡಿಸುವ ಕೆಲಸ ಮಿಕ್ಕವರು ಮಾಡಿ.