ರಚನಾಸೂತ್ರದ ರೇಖೆಯೂ ಇತಿಹಾಸದ ಸಂದೇಹವೂ: ‘ಕೆಚರ್’ ಎಂಬ ಅಣುಚಿತ್ರಣ ಸಾಧನದ ವಿಮರ್ಶೆ

ಅಂತರ್ಜಾಲದ ಪುಟವೊಂದನ್ನು ತೆರೆದು, ಅಲ್ಲಿಯೇ ಅಣುಗಳ ರಚನಾಸೂತ್ರಗಳನ್ನು ಬರೆಯಲು ಅನುಕೂಲಿಸುವ ಸಾಧನಗಳು ಇಂದು ಹಲವಾಗಿವೆ. ‘ಕೆಚರ್’ ಎಂಬುದು ಅವುಗಳಲ್ಲೊಂದು. ಅದಕ್ಕೆ ಬೆಲೆ ತೆರಬೇಕಾಗಿಲ್ಲ. ಅದರ ಮೂಲಲಿಪಿಯೂ ಸಾರ್ವಜನಿಕರಿಗೆ ಮುಕ್ತವಾಗಿದೆ. ರಸಾಯನಶಾಸ್ತ್ರದ ಉಪಕರಣವೊಂದರ ವಿಚಾರದಲ್ಲಿ ಇತಿಹಾಸದ ಅಧ್ಯಾಪಕನು ಬಾಯಿಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ವಿಜ್ಞಾನದ ಇತಿಹಾಸವನ್ನು ಬೋಧಿಸುವ ನಾವೂ ಹತ್ತೊಂಬತ್ತನೆಯ ಶತಮಾನದ ಸೂತ್ರಗಳನ್ನು ವಿದ್ಯಾರ್ಥಿಗಳ ಮುಂದಿಡುವಾಗ ಇದೇ ಸಾಧನದಿಂದ ಅವನ್ನು ಹೊಸದಾಗಿ ಬರೆದುಕೊಳ್ಳುತ್ತಿದ್ದೇವೆ. ಹಾಗೆ ಬರೆದದ್ದು ಆಧಾರಪತ್ರದ ಪ್ರತಿಯೋ ಅಥವಾ ಬೇರೊಂದು ವಸ್ತುವೋ ಎಂಬುದು ನಮ್ಮ ಶಾಸ್ತ್ರಕ್ಕೆ ಸೇರಿದ ಪ್ರಶ್ನೆ.

ಸಾಧನದ ಗುಣಗಳನ್ನು ಮೊದಲು ಹೇಳಿಬಿಡುವುದು ನ್ಯಾಯ. ಹಿಂದೆ ಕೊರೆದ ಫಲಕವನ್ನಿಟ್ಟು ಮಸಿಯಲ್ಲಿ ಷಟ್ಕೋನಗಳನ್ನು ತೀಡುತ್ತಿದ್ದವರ ಶ್ರಮವನ್ನು ಇದು ತಪ್ಪಿಸಿದೆ. 1985ರಲ್ಲಿ ಬಂದ ‘ಕೆಮ್‌ಡ್ರಾ’ ಗಣಕಯಂತ್ರದ ಒಡೆಯರಿಗೆ ಮಾತ್ರ ಒದಗಿಸಿದ್ದ ಸೌಲಭ್ಯವು ಈಗ ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿಗೂ ದೊರೆತಿದೆ. ಬರೆದ ಚಿತ್ರವು ಕೂಡಲೇ ‘ಸ್ಮೈಲ್ಸ್’ ಎಂಬ ಅಕ್ಷರಮಾಲೆಯಾಗಿ ಪರಿವರ್ತನೆಗೊಂಡು, ಮಹಾಕೋಶಗಳಲ್ಲಿ ಶೋಧಿಸಲು ಯೋಗ್ಯವಾಗುತ್ತದೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ.

ತೊಡಕು ಇರುವುದು ಸಾಧನದ ಸೌಜನ್ಯದಲ್ಲಿ. ಬೆಂಜೀನಿನ ಉಂಗುರವು ಸಿದ್ಧ ಗುಂಡಿಯಾಗಿ ಕೆಳಗೆ ಕುಳಿತಿದೆ; ಒತ್ತಿದರೆ ಪೂರ್ಣ ಷಟ್ಕೋನವು ಬೀಳುತ್ತದೆ. ಸರಪಣಿಯ ತುದಿಗೆ ಆಮ್ಲಜನಕವನ್ನಿಟ್ಟರೆ ಅದಕ್ಕೆ ಸಲ್ಲಬೇಕಾದ ಜಲಜನಕವು ಕೇಳದೆಯೇ ಬಂದು ಕೂಡುತ್ತದೆ. ಇಂಗಾಲಕ್ಕೆ ಐದನೆಯ ಬಂಧವನ್ನು ಕೊಟ್ಟರೆ ಕೆಂಪು ಗುರುತು ಎಚ್ಚರಿಸುತ್ತದೆ. ರೇಖೆಗಳು ವಕ್ರವಾಗಿದ್ದರೆ ಅವನ್ನು ಅಚ್ಚುಕಟ್ಟುಗೊಳಿಸುವ ಗುಂಡಿಯೂ ಉಂಟು. ಇಂದಿನ ಅಣುವನ್ನು ಬರೆಯುವವನಿಗೆ ಇವೆಲ್ಲ ಉಪಕಾರವೇ. 1861ರ ಅಣುವನ್ನು ಬರೆಯುವವನಿಗೆ ಮಾತ್ರ ಪ್ರತಿಯೊಂದೂ ಒಂದು ತಿದ್ದುಪಡಿ. ಶಾಸನದ ಪಾಠವನ್ನು ಸಿದ್ಧಪಡಿಸುವವನು ಅಸ್ಪಷ್ಟವಾದ ಅಕ್ಷರವನ್ನು ಆವರಣದಲ್ಲಿಡುತ್ತಾನೆ, ಸವೆದುಹೋದ ಕಡೆ ಚುಕ್ಕಿಗಳನ್ನು ಹಾಕುತ್ತಾನೆ. ಕಲ್ಲಿನಲ್ಲಿ ಇಲ್ಲದುದನ್ನು ತಾನಾಗಿ ತುಂಬಿ ಸುಮ್ಮನಾದರೆ ಅವನನ್ನು ಯಾರೂ ವಿದ್ವಾಂಸನೆನ್ನರು. ರಚನಾಸೂತ್ರದ ವಿಷಯದಲ್ಲಿ ಈ ಶಿಸ್ತನ್ನು ನಾವು ಅಷ್ಟಾಗಿ ಪಾಲಿಸಿಲ್ಲ.

ಬಂಧವನ್ನು ಸೂಚಿಸುವ ರೇಖೆಯೇ ಐತಿಹಾಸಿಕ ವಸ್ತು ಎಂಬುದನ್ನು ಇಲ್ಲಿ ನೆನೆಯಬೇಕು. 1858ರಲ್ಲಿ ಸ್ಕಾಟ್ಲೆಂಡಿನ ಆರ್ಚಿಬಾಲ್ಡ್ ಕೂಪರನು ಪರಮಾಣುಗಳ ನಡುವೆ ಚುಕ್ಕಿಗೆರೆಗಳನ್ನೆಳೆದನು. 1864ರಲ್ಲಿ ಅಲೆಕ್ಸಾಂಡರ್ ಕ್ರಮ್ ಬ್ರೌನನು ಅಕ್ಷರಗಳನ್ನು ವೃತ್ತಗಳೊಳಗಿಟ್ಟು ಗೆರೆಗಳಿಂದ ಜೋಡಿಸಿದನು. ಆದರೆ ತನ್ನ ಚಿತ್ರವು ಪರಮಾಣುಗಳ ಭೌತಿಕ ಸ್ಥಾನವನ್ನು ಹೇಳುವುದಿಲ್ಲ, ರಾಸಾಯನಿಕ ಸಂಬಂಧವನ್ನಷ್ಟೇ ಹೇಳುತ್ತದೆ ಎಂದು ಸ್ಪಷ್ಟಪಡಿಸಿದನು. ಈ ಎಚ್ಚರಿಕೆಯಿಲ್ಲದೆ ಅವನ ಚಿತ್ರವು ಅರ್ಧ ಆಧಾರವೇ ಸರಿ. ಅದನ್ನು ಕೆಚರಿನಲ್ಲಿ ಪುನಃ ಬರೆದರೆ ಕೋನಗಳು 120 ಅಂಶಕ್ಕೆ ಹೊಂದಿಕೊಳ್ಳುತ್ತವೆ. ಅವನು ಹೇಳಲೊಲ್ಲೆನೆಂದ ಮಾತನ್ನೇ ಅವನ ಬಾಯಿಂದ ಹೇಳಿಸಿದಂತಾಗುತ್ತದೆ.

ಎಲ್ಲಕ್ಕಿಂತ ಬೋಧಪ್ರದವಾದದ್ದು ಯೋಸೆಫ್ ಲೋಷ್ಮಿಟ್‌ನ ಪ್ರಸಂಗ. 1861ರಲ್ಲಿ, ವಿಯೆನ್ನಾದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ, ಆತನು ಸ್ವಂತ ವೆಚ್ಚದಲ್ಲಿ ಒಂದು ಚಿಕ್ಕ ಪುಸ್ತಕವನ್ನು ಅಚ್ಚು ಮಾಡಿಸಿದನು. ಅದರಲ್ಲಿ ಮುನ್ನೂರಕ್ಕೂ ಮಿಕ್ಕ ಅಣುಚಿತ್ರಗಳಿವೆ. ಇಂಗಾಲಕ್ಕೆ ಒಂಟಿ ವೃತ್ತ, ಜಲಜನಕಕ್ಕೆ ಅದಕ್ಕಿಂತ ಚಿಕ್ಕದು, ಆಮ್ಲಜನಕಕ್ಕೆ ಜೋಡಿವೃತ್ತ, ಸಾರಜನಕಕ್ಕೆ ಮೂರು ವೃತ್ತಗಳು ಒಂದರೊಳಗೊಂದು. ಬೆಂಜೀನಿನ ವರ್ಗದ ವಸ್ತುಗಳಿಗೆ ಬಂದಾಗ ನಡುವೆ ಒಂದು ದೊಡ್ಡ ವೃತ್ತವನ್ನು ಬರೆದು, ಅದರ ಸುತ್ತ ಉಳಿದವನ್ನು ಅಂಟಿಸಿದನು. ಪುಸ್ತಕವನ್ನು ಓದಿದವರು ವಿರಳ. 1862ರಲ್ಲಿ ಕೆಕುಲೆಯು ಗೆಳೆಯನಿಗೆ ಬರೆದ ಪತ್ರದಲ್ಲಿ ಈ ಸೂತ್ರಗಳನ್ನು ಗೊಂದಲದ ಸೂತ್ರಗಳೆಂದು ಹಾಸ್ಯಮಾಡಿದನು. 1865ರಲ್ಲಿ ಅದೇ ಕೆಕುಲೆಯು ಬೆಂಜೀನಿನಲ್ಲಿ ಇಂಗಾಲದ ಮುಚ್ಚಿದ ಸರಪಣಿಯುಂಟೆಂದು ಪ್ರಕಟಿಸಿದನು. 1990ರ ದಶಕದಲ್ಲಿ ಆಲ್ಫ್ರೆಡ್ ಬೇಡರ್ ಮತ್ತು ಕ್ರಿಸ್ಟಿಯನ್ ನೋಯೆ ಎಂಬವರು, ಉಂಗುರವನ್ನು ಮೊದಲು ಕಂಡವನು ಲೋಷ್ಮಿಟ್‌ನೇ ಎಂದು ವಾದಿಸಿದರು. ಅದಕ್ಕೆ ಪ್ರತಿವಾದವೂ ಬಂದಿತು.

ಈ ವಾದದಲ್ಲಿ ನಾನು ಪ್ರತಿವಾದಿಗಳ ಪಕ್ಷ. ಆದರೆ ಮೊದಲಿಗೆ ಹಾಗಿರಲಿಲ್ಲ, ಮತ್ತು ಆ ತಪ್ಪು ನನ್ನದೇ. ಪಾಠದ ಹಾಳೆಯೊಂದಕ್ಕಾಗಿ ಲೋಷ್ಮಿಟ್‌ನ ಚಿತ್ರಗಳನ್ನು ಕೆಚರಿನಲ್ಲಿ ಬರೆಯಹೊರಟಾಗ ದೊಡ್ಡ ವೃತ್ತಕ್ಕೆ ತಕ್ಕ ಪರಮಾಣುವಾಗಲಿ ಬಂಧವಾಗಲಿ ಸಿಗಲಿಲ್ಲ. ಷಟ್ಕೋನದ ಗುಂಡಿಯು ಕೈಗೆಟುಕುವಂತಿತ್ತು, ಒತ್ತಿದೆ. ಎರಡು ವರ್ಷಗಳ ಕಾಲ ತರಗತಿಯಲ್ಲಿ ಆ ಹಾಳೆಯನ್ನು ಹಿಡಿದು, ಕೆಕುಲೆಗಿಂತ ನಾಲ್ಕು ವರ್ಷ ಮುಂಚೆ ಉಂಗುರವನ್ನು ಕಂಡ ಉಪಾಧ್ಯಾಯನ ಕಥೆಯನ್ನು ಹೇಳಿದೆ. ವಿದ್ಯಾರ್ಥಿಗಳಿಗೆ ಅದು ಬಹಳ ಹಿಡಿಸಿತು, ಉತ್ತರಪತ್ರಿಕೆಗಳಲ್ಲಿಯೂ ಬಂದಿತು. ಆಮೇಲೆ ಮೂಲದ ಪುಟವನ್ನು ಅದರ ವಿವರಣೆಯೊಡನೆ ನೋಡಿದಾಗ ನನ್ನ ಹಾಳೆಯ ಆಧಾರವೇ ಕುಸಿಯಿತು. ಆರು ಇಂಗಾಲಗಳ ಆ ತಿರುಳಿನ ಒಳರಚನೆಯನ್ನು ಸದ್ಯಕ್ಕೆ ನಿರ್ಣಯಿಸಲಾಗದು, ಆದ್ದರಿಂದ ಅದನ್ನು ಆರು ಸಂಯೋಗ ಸಾಮರ್ಥ್ಯವುಳ್ಳ ಒಂದೇ ಧಾತುವಿನಂತೆ ಭಾವಿಸಿ ವ್ಯವಹರಿಸೋಣ ಎಂಬುದು ಲೋಷ್ಮಿಟ್‌ನ ನಿಲುವು. ವೃತ್ತವು ಉಂಗುರವಾಗಿರಲಿಲ್ಲ, ಅದು ತಿಳಿಯದೆಂಬುದರ ಗುರುತಾಗಿತ್ತು. ತಿಳಿಯದುದಕ್ಕೆ ಒಂದು ಆಕಾರವನ್ನು ಕೊಟ್ಟು, ಅದನ್ನಿಟ್ಟುಕೊಂಡೇ ಅಷ್ಟೊಂದು ವಸ್ತುಗಳ ಸಂಬಂಧವನ್ನು ಸರಿಯಾಗಿ ಬಿಡಿಸಿದ್ದು ಅವನ ನಿಜವಾದ ಸಾಧನೆ. ನಾನು ಅವನನ್ನು ಪ್ರವಾದಿಯನ್ನಾಗಿ ಮಾಡಿ, ಆ ಸಾಧನೆಯನ್ನು ಕಸಿದುಕೊಂಡಿದ್ದೆ.

ಇದಕ್ಕೆ ಒಂದು ಸಮಾಧಾನವನ್ನು ಹೇಳುವವರಿದ್ದಾರೆ. ಕೆಚರಿನಲ್ಲಿ ‘ಯಾವುದಾದರೂ ಪರಮಾಣು’, ‘ಯಾವುದಾದರೂ ಬಂಧ’ ಎಂಬ ಚಿಹ್ನೆಗಳಿವೆ, ಬದಲಾಗಬಲ್ಲ ಗುಂಪುಗಳಿಗೂ ಸಂಕೇತವಿದೆ. ಅನಿಶ್ಚಯವನ್ನು ಅವುಗಳಿಂದ ಸೂಚಿಸಬಹುದಲ್ಲ ಎಂದು. ಸಾಧಾರವಾದ ಮಾತೇ. ಆದರೆ ಅವು ಶೋಧನೆಗಾಗಿ ಹುಟ್ಟಿದ ಚಿಹ್ನೆಗಳು. ಇಲ್ಲಿ ಇಂಗಾಲವಿದ್ದರೂ ಸರಿ, ಸಾರಜನಕವಿದ್ದರೂ ಸರಿ, ಎಲ್ಲವನ್ನೂ ಹುಡುಕಿ ತಾ ಎಂದು ಕೋಶಕ್ಕೆ ಆಜ್ಞಾಪಿಸುವಾತನಿಗೆ ಸಂದೇಹವೇ ಇಲ್ಲ. ಒಂದೇ ಉತ್ತರವಿದೆ, ಅದು ನನಗಿನ್ನೂ ತಿಳಿಯದು ಎನ್ನುವವನ ಸ್ಥಿತಿ ಬೇರೆ.

ಬೆಂಜೀನಿನ ಮುಂದಿನ ಚರಿತ್ರೆಯೂ ಇದೇ ಬಗೆಯದು. ಒಂಟಿ ಮತ್ತು ಜೋಡಿ ಬಂಧಗಳು ಸರದಿಯಾಗಿ ಬರುವ ಸೂತ್ರದ ಪ್ರಕಾರ ಇರಬೇಕಾದುದಕ್ಕಿಂತ ಕಡಮೆ ಸಮಾಂಗಿಗಳು ದೊರೆಯುತ್ತಿದ್ದ ಕಾರಣ, ಬಂಧಗಳು ನಿರಂತರವಾಗಿ ಸ್ಥಾನ ಬದಲಿಸುತ್ತವೆಂದು 1872ರಲ್ಲಿ ಕೆಕುಲೆಯು ಊಹಿಸಿದನು. 1925ರಲ್ಲಿ ಆರ್ಮಿಟ್ ಮತ್ತು ರಾಬಿನ್ಸನ್ ಷಟ್ಕೋನದೊಳಗೆ ವೃತ್ತವನ್ನು ಬರೆದರು. 1929ರಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಕ್ಷಕಿರಣಗಳ ಸಹಾಯದಿಂದ ಬೆಂಜೀನಿನ ಉತ್ಪನ್ನವೊಂದರಲ್ಲಿ ಉಂಗುರವು ಸಮತಲವಾಗಿದೆಯೆಂದು ತೋರಿಸಿದರು. ಕೆಚರಿನಲ್ಲಿ ಒಂದು ಗುಂಡಿ ಜೋಡಿಬಂಧಗಳನ್ನು ವೃತ್ತವಾಗಿಸುತ್ತದೆ, ಪಕ್ಕದ ಗುಂಡಿ ವೃತ್ತವನ್ನು ಜೋಡಿಬಂಧಗಳಾಗಿಸುತ್ತದೆ. 1872ರಿಂದ 1925ರವರೆಗಿನ ಐವತ್ತಮೂರು ವರ್ಷಗಳ ಜಗಳವು ಎರಡು ಗುಂಡಿಗಳ ನಡುವಿನ ಅಂತರವಾಗಿದೆ!

ಕೆಂಪು ಗುರುತಿನ ಅಧಿಕಾರವನ್ನೂ ಹೆಚ್ಚಾಗಿ ನಂಬಲಾಗದು. ಲಾಡೆನ್‌ಬುರ್ಗನು 1869ರಲ್ಲಿ ಬೆಂಜೀನಿಗಾಗಿ ಸೂಚಿಸಿದ ಪ್ರಿಸ್ಮಿನ ಸೂತ್ರವನ್ನು ಸಾಧನವು ತಕರಾರಿಲ್ಲದೆ ಒಪ್ಪುತ್ತದೆ, ಏಕೆಂದರೆ ಅದರಲ್ಲಿ ಪ್ರತಿಯೊಂದು ಇಂಗಾಲಕ್ಕೂ ನಾಲ್ಕೇ ಬಂಧಗಳಿವೆ. ಆ ಅಣುವನ್ನು 1973ರಲ್ಲಿ ಕಾಟ್ಸ್ ಮತ್ತು ಆಕ್ಟನ್ ತಯಾರಿಸಿದರು. ಅದು ಬೆಂಜೀನ್ ಅಲ್ಲ. ಅತ್ತ 1951ರಲ್ಲಿ ವರದಿಯಾಗಿ, 1952ರಲ್ಲಿ ರಚನೆ ತಿಳಿದುಬಂದ ಫೆರೊಸೀನಿನಲ್ಲಿ ಕಬ್ಬಿಣವು ಎರಡು ಉಂಗುರಗಳ ನಡುವೆ ಕುಳಿತು ಹತ್ತು ಇಂಗಾಲಗಳೊಡನೆ ಸಮನಾಗಿ ಬೆಸೆದಿದೆ. ಎರಡು ಪರಮಾಣುಗಳ ನಡುವೆ ಒಂದು ಗೆರೆ ಎಂಬ ಲಿಪಿಯಲ್ಲಿ ಇದನ್ನು ನೆಟ್ಟಗೆ ಬರೆಯಲು ಬಾರದು. ಪಬ್‌ಕೆಮ್ ಕೋಶವು ಅದನ್ನು ಬಿಡಿಬಿಡಿಯಾದ ಎರಡು ಋಣ ಉಂಗುರಗಳು ಮತ್ತು ಒಂದು ಧನ ಕಬ್ಬಿಣವೆಂದು ದಾಖಲಿಸಿದೆ. ಮುಂದೆ ಇಪ್ಪತ್ತನೆಯ ಶತಮಾನದ ರಸಾಯನವಿಜ್ಞಾನದ ಇತಿಹಾಸವನ್ನು ಬರೆಯುವವರು ಈ ಕೋಶಗಳನ್ನೇ ಆಧಾರವಾಗಿ ಹಿಡಿಯುವರೆಂಬುದು ನಿಶ್ಚಯ. ಆಗ ಈ ದಾಖಲೆಯನ್ನು ಅಣುವಿನ ಬಗೆಗಿನ ಅಭಿಪ್ರಾಯವೆಂದು ಓದುವುದೇ, ಲಿಪಿಯ ಬಡತನವೆಂದು ಓದುವುದೇ ಎಂಬ ತೊಡಕು ಅವರಿಗೆ ಎದುರಾಗುತ್ತದೆ.

ನಮ್ಮ ತರಗತಿಯ ಹಾಳೆಯಲ್ಲಿ ಈಗ ಲೋಷ್ಮಿಟ್‌ನ ಪುಟದ ಛಾಯಾಚಿತ್ರವಿದೆ. ಅದರ ಕೆಳಗೆ, ಕೆಚರಿನಲ್ಲಿ ಬರೆದ ಇಂದಿನ ಸೂತ್ರವನ್ನು ಬರೆದ ವರ್ಷದೊಡನೆಯೂ ಸಾಧನದ ಹೆಸರಿನೊಡನೆಯೂ ಬೇರೆಯಾಗಿಯೇ ಕೊಟ್ಟಿದೆ. ಹಳೆಯ ಹಾಳೆಯನ್ನು ಪಡೆದಿದ್ದ ಎರಡು ವರ್ಷಗಳ ವಿದ್ಯಾರ್ಥಿಗಳಲ್ಲಿ ವಿಳಾಸ ತಿಳಿದಿದ್ದವರಿಗೆ ತಿದ್ದುಪಡಿಯನ್ನು ಕಳುಹಿಸಿದ್ದೇನೆ.