ಎರಡು ಹೆಸರು, ಒಂದೇ ಜಾಲ

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ, ಅಂದರೆ ಇಂದಿನ ಭಾರತ್‌ನೆಟ್‌ಗೆ, ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ್ದು 2011ರಲ್ಲಿ. ಚರ್ಚೆಯೆಲ್ಲ ಫೈಬರಿನ ಉದ್ದ, ವೇಗಗಳದ್ದೇ. ಕಟ್ಟಡದೊಳಗಿನ ಸ್ವಿಚ್ಚಿನ ಮಾತು ಬರುವುದು ಅಪರೂಪ. ನನ್ನ ತಕರಾರು ಇದೇ.

ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಂಥ ಊರಿನ ಶಾಲೆಯೊಂದನ್ನು ಊಹಿಸಿಕೊಳ್ಳಿ. ಗೋಡೆಯ ಮೇಲಿನ ಆಕ್ಸೆಸ್ ಪಾಯಿಂಟ್ ‘ಕಚೇರಿ’, ‘ವಿದ್ಯಾರ್ಥಿ’ ಎಂಬ ಎರಡು ಹೆಸರುಗಳನ್ನು ಬಿತ್ತರಿಸುತ್ತಿದೆ. ಹೆಸರು ಎರಡಾದ ಮಾತ್ರಕ್ಕೆ ಜಾಲ ಎರಡಾಯಿತೆಂದು ತಿಳಿಯಬೇಡಿ! ಕಾರ್ಖಾನೆಯಿಂದ ಬಂದ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ಎಲ್ಲ ಪೋರ್ಟುಗಳೂ ಒಂದೇ ಜಾಲಕ್ಕೆ ಸೇರಿರುತ್ತವೆ. ಅದನ್ನು ಹಾಗೆಯೇ ಬಿಟ್ಟರೆ ವಿದ್ಯಾರ್ಥಿಯ ಫೋನು ಅಂಕಪಟ್ಟಿಯಿರುವ ಕಂಪ್ಯೂಟರಿನ ಬಾಗಿಲು ತಟ್ಟಬಲ್ಲದು.

ಒಂದೇ ಸ್ವಿಚ್ಚನ್ನು ಹಲವು ಜಾಲಗಳಾಗಿ ಒಡೆಯುವುದೇ ವಿ-ಲ್ಯಾನ್. ಆಕ್ಸೆಸ್ ಪಾಯಿಂಟ್ ಸೇರುವ ಪೋರ್ಟನ್ನು ಟ್ರಂಕ್ ಮಾಡಿ, ಒಂದೊಂದು ಹೆಸರಿಗೂ ಬೇರೆ ವಿ-ಲ್ಯಾನ್ ಸಂಖ್ಯೆ ಕೊಡಬೇಕು. 802.1ಕ್ಯೂ ಮಾನಕದಂತೆ ದತ್ತಾಂಶದ ಪ್ರತಿ ಫ್ರೇಮಿಗೂ 4 ಬೈಟಿನ ಚೀಟಿ ಅಂಟುತ್ತದೆ; ಅದರಲ್ಲಿ 12 ಬಿಟ್ ಈ ಸಂಖ್ಯೆಗೇ ಮೀಸಲು. ಆಕ್ಸೆಸ್ ಪಾಯಿಂಟಿನ ಸಂಖ್ಯೆಗೆ ಸ್ವಿಚ್ಚಿನ ಪೋರ್ಟಿನಲ್ಲಿ ಅನುಮತಿಯಿಲ್ಲದಿದ್ದರೆ ಸಿಗ್ನಲ್ ತುಂಬಿದ್ದರೂ ಫೋನಿಗೆ ಐಪಿ ವಿಳಾಸ ಸಿಗದು. ದೂರು ಮಾತ್ರ ‘ವೈ-ಫೈ ಕೆಟ್ಟಿದೆ’ ಎಂದು! ಎರಡು ಜಾಲಗಳ ನಡುವಿನ ದಾರಿಯನ್ನು ರೂಟರಿನಲ್ಲಿಯೂ ಮುಚ್ಚಬೇಕು.

ನೀವೇ ಪರೀಕ್ಷಿಸಿ. ‘ವಿದ್ಯಾರ್ಥಿ’ ಜಾಲ ಸೇರಿ, ಕಚೇರಿಯ ಪ್ರಿಂಟರಿನ ವಿಳಾಸಕ್ಕೆ ಪಿಂಗ್ ಕಳುಹಿಸಿ. ಉತ್ತರ ಬಂದರೆ ಜಾಲಗಳು ಇನ್ನೂ ಬೇರೆಯಾಗಿಲ್ಲ.